ಅಕ್ಕನ ಕಾರ್ಡುಗಳ ಕ್ರಮ

ಹಳೆಯ ಇಂಗ್ಲಿಷಿನಲ್ಲಿ ಒಬ್ಬರನ್ನೇ ಉದ್ದೇಶಿಸುವಾಗ ‘ನೀನು’ ಎನ್ನಲು ದೌ, ‘ನಿನ್ನನ್ನು’ ಎನ್ನಲು ದೀ, ‘ನಿನ್ನ’ ಎನ್ನಲು ದೈ, ‘ನಿನ್ನದು’ ಎನ್ನಲು ದೈನ್. ಹಳೆಯ ಕವಿತೆಗಳನ್ನು ಪಾಠ ಮಾಡುತ್ತಿದ್ದ ಅಕ್ಕನಿಗೆ ಇವು ಉಸಿರಾಟದಷ್ಟೇ ಸಲೀಸಾಗಿದ್ದವು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದವಳು ಮನೆಗೆ ಮರಳಿದಾಗ ಮಾತು ಉಳಿದಿತ್ತು, ಇಂಗ್ಲಿಷ್ ಹೋಗಿತ್ತು. ತರಗತಿ ಮತ್ತೆ ಅವಳಿಗೆ ಸಿಗಬೇಕಾದರೆ ಮುಖ್ಯೋಪಾಧ್ಯಾಯಿನಿ ಒಪ್ಪಬೇಕಿತ್ತು.

ತಮ್ಮನ ಕೆಲಸ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ. ಅಲ್ಲಿ ನಳಿಕೆಗಳು ಅದಲುಬದಲಾದರೆ ಒಬ್ಬನ ಕಾಯಿಲೆ ಇನ್ನೊಬ್ಬನ ತಲೆಗೆ ಬರುತ್ತದೆ. ಹಾಗಾಗಿ ಯಾವ ವಸ್ತುವಿಗೂ ಮೊದಲು ಕ್ರಮಸಂಖ್ಯೆ ಹಾಕುವುದು ಅವನ ಕೈಗೆ ಅಂಟಿದ ಅಭ್ಯಾಸ. ಅಕ್ಕನಿಗಾಗಿ ದಪ್ಪ ಕಾರ್ಡುಗಳ ಮೇಲೆ ಇಂಗ್ಲಿಷ್ ವಾಕ್ಯ ಬರೆದು, ಸರ್ವನಾಮದ ಜಾಗ ಖಾಲಿ ಬಿಟ್ಟು, ಮೂಲೆಯಲ್ಲಿ ಸಂಖ್ಯೆ ಹಾಕಿದ. ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಒಂದೊಂದಾಗಿ ತೋರಿಸುತ್ತಿದ್ದ. ಮುಗಿದ ಮೇಲೆ ಸಂಖ್ಯೆ ನೋಡಿ ಜೋಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ ಎತ್ತಿಡುತ್ತಿದ್ದ.

ಮೊದಮೊದಲು ಅವಳು ತಡವರಿಸಿದಳು. ಆಮೇಲೆ ಅರ್ಧ ಸರಿ. ಕಡೆಗೆ ಒಂದೂ ತಪ್ಪಿಲ್ಲ.

“ನಿನ್ನ ಮೂಗು ಒರೆಸಿ ಸ್ಕೂಲಿಗೆ ಕಳಿಸ್ತಿದ್ದೋಳು ನಾನು ಕಣೋ. ಈಗ ನನಗೇ ಮೇಷ್ಟ್ರಾಗಿದ್ದೀಯ!”

“ಬಾಯಿ ಮುಚ್ಕೊಂಡು ಕಾರ್ಡ್ ನೋಡಕ್ಕ.”

“ಬಾಯಿ ಮುಚ್ಕೊಂಡು ಉತ್ತರ ಹೇಗೋ ಹೇಳ್ಲಿ, ಪೆದ್ದ?”

ರಜೆಯ ದಿನ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದರು.

“ನೀವೇ ಕೇಳಿ ಮೇಡಂ,” ಎಂದು ಹೆಮ್ಮೆಯಿಂದ ಕಾರ್ಡುಗಳ ಕಟ್ಟು ಕೊಟ್ಟ ತಮ್ಮ.

“ಇಸ್ಪೀಟ್ ಎಲೆ ಮುಟ್ಟಿ ಯಾವ ಕಾಲ ಆಯ್ತೋ!” ಅವರು ರಬ್ಬರ್ ಬ್ಯಾಂಡ್ ಬಿಚ್ಚಿ, ನಗುತ್ತಾ ಕಾರ್ಡುಗಳನ್ನು ಚೆನ್ನಾಗಿ ಕಲಸಿದರು. ತಡೆಯಲು ಮುಂದೆ ಹೋದ ತಮ್ಮನ ಕೈ ಹಾಗೇ ನಿಂತಿತು. ಹೀಗೆ ಕಲಸಿ ತಾನು ಒಮ್ಮೆಯೂ ಕೇಳಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

ಮೊದಲು ಬಂದದ್ದು ‘ಈ ಬೀಗದ ಕೈ ನಿನ್ನದು’ ಎಂಬರ್ಥದ ವಾಕ್ಯ.

“ದೌ,” ಎಂದಳು ಅಕ್ಕ, ಥಟ್ಟನೆ.

ಎರಡನೆಯದು ‘ನೀನು ಏಕೆ ಅಳುತ್ತೀಯೆ’.

“ದೀ.”

ಮೂರನೆಯದಕ್ಕೆ ಕಾರ್ಡು ಪೂರ್ತಿ ತಿರುಗುವ ಮೊದಲೇ, “ದೈ.”

ಉತ್ತರಗಳು ಕಾರ್ಡುಗಳ ಹಳೆಯ ಕ್ರಮದಲ್ಲೇ, ಒಂದೂ ಹಿಂದುಮುಂದಾಗದೆ ಬರುತ್ತಿದ್ದವು. ಅವಳು ಕಲಿತದ್ದು ವಾಕ್ಯಗಳನ್ನಲ್ಲ, ಸರದಿಯನ್ನು. ಆ ಸರದಿಯನ್ನು ದಿನವೂ ಶ್ರದ್ಧೆಯಿಂದ ಕಾಪಾಡಿದವನು ತಮ್ಮ.

ಮುಖ್ಯೋಪಾಧ್ಯಾಯಿನಿ ಅರ್ಧಕ್ಕೇ ಕಾರ್ಡುಗಳನ್ನು ಕೆಳಗಿಟ್ಟರು. “ಆತುರ ಏನಿಲ್ಲ ಟೀಚರ್, ರೆಸ್ಟ್ ತಗೊಳ್ಳಿ. ಕ್ಲಾಸು ಬೇರೆಯವರು ನೋಡ್ಕೋತಾರೆ.” ಬಾಗಿಲಲ್ಲಿ ತಮ್ಮನ ಭುಜ ತಟ್ಟಿ, ಮುಖ ನೋಡದೆ ಮೆಟ್ಟಿಲಿಳಿದರು.

“ಯಾಕೋ ಅವರ ಮುಖ ಹಾಗಾಯ್ತು? ಎಲ್ಲಾ ಸರಿಯಾಗೇ ಹೇಳಿದ್ನಲ್ಲ?”

ತಮ್ಮ ಮೇಜಿನ ಮೇಲಿನ ಕಾರ್ಡುಗಳನ್ನು ಒಟ್ಟುಗೂಡಿಸಿದ.

“ಅವರು ಕೇಳೋ ರೀತೀನೇ ಸರಿ ಇಲ್ಲ ಬಿಡು. ನೀನು ಕೇಳು.”

ಕಲಸಿದಂತೆಯೇ ಕೇಳಬೇಕೆಂದು ಅವನು ಮೇಲಿನ ಕಾರ್ಡನ್ನು ಎತ್ತಿದ. ಎದುರಿಗೆ ಅಕ್ಕ ಬೆನ್ನು ನೆಟ್ಟಗೆ ಮಾಡಿ, ತುಟಿಯಲ್ಲಿ ಉತ್ತರ ಸಿದ್ಧ ಹಿಡಿದು ಕುಳಿತಿದ್ದಳು. ಅವನು ಕಾರ್ಡನ್ನು ಕೆಳಗಿಟ್ಟು, ಮೂಲೆಯ ಸಂಖ್ಯೆ ನೋಡುತ್ತಾ ಎಲ್ಲವನ್ನೂ ಮೊದಲಿನಂತೆ ಜೋಡಿಸಿದ.

ಅಕ್ಕ ಒಂದೂ ತಪ್ಪು ಮಾಡಲಿಲ್ಲ.