ಮೇಲಿನ ಮನೆಯ ಸದ್ದು

"ರೀ, ಇಳೀರಿ ಕೆಳಗೆ. ಫ್ಯಾನ್ ನಿಲ್ಲಿಸಿದ್ರಿ, ಫ್ರಿಜ್ ನಿಲ್ಲಿಸಿದ್ರಿ. ಇನ್ನು ನಾನು ಉಸಿರು ನಿಲ್ಲಿಸ್ಲಾ?"

ಸ್ಟೂಲಿನ ಮೇಲೆ ನಿಂತು ಚಾವಣಿಗೆ ಕಿವಿ ಹಚ್ಚಿದ್ದ ಗಂಡ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುಂಯ್ ಎನ್ನುವ ಸಣ್ಣ ಸೀಟಿ. ಮರದ ಮಿಲ್ಲಿನಲ್ಲಿ ಗರಗಸ ನಡೆಸುವಾಗ ಅದರ ಸುಳಿವೇ ಇರುವುದಿಲ್ಲ. ಮನೆಗೆ ಬಂದು ಕೂತರೆ ಸಾಕು, ಶುರು. ಮೇಲಿನ ಮನೆಯ ಟೈಲರಮ್ಮನ ಮೋಟಾರು ಹೊಲಿಗೆ ಮಿಷನ್ನಿನದೇ ಎಂದು ತೀರ್ಮಾನಿಸಿ, ಮಾಲೀಕರ ತಲೆ ತಿಂದು, ಅವಳಿಗೆ ಮನೆ ಬಿಡಲು ಹೇಳಿಸಿಯೂ ಆಗಿತ್ತು.

"ಅವಳದೇ ಇದು," ಅಂದ.

"ನಿನ್ನೆಯಿಂದ ಅವಳು ಹೊಲಿದೇ ಇಲ್ಲ. ಸಾಮಾನು ಕಟ್ತಿದಾಳೆ."

ಅವನು ಸ್ಟೂಲಿನಿಂದ ಇಳಿದ. ಸೀಟಿಯೂ ಅವನ ಜೊತೆಗೇ ಇಳಿಯಿತು.

ಆಮೇಲೆ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೆಂಡತಿ ಅವನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪುಟ್ಟ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒತ್ತಿದ. ಆಮೇಲೆ ಸದ್ದೇ ಬರಲಿಲ್ಲ. ಪರೀಕ್ಷೆ ಮುಗಿಯಿತೆಂದು ಎದ್ದು ನಿಂತರೆ, ಗಾಜಿನಾಚೆ ಡಾಕ್ಟರು ಇನ್ನೂ ಸದ್ದು ಕೊಡುತ್ತಲೇ ಇದ್ದರು.

"ಮೆದುಳಲ್ಲಿ ದಪ್ಪ ಸದ್ದಿಗೊಂದು ಜಾಗ, ಸೀಟಿಯಂಥ ಸಣ್ಣ ಸದ್ದಿಗೊಂದು ಜಾಗ, ಸಾಲಾಗಿ ಇರ್ತವೆ," ಎಂದರು ಅವರು. "ಗರಗಸ ನಿಮ್ಮ ಕಿವಿಯ ಸಣ್ಣ ಸದ್ದನ್ನೆಲ್ಲ ತಿಂದುಹಾಕಿದೆ. ಅದನ್ನ ಕೇಳಬೇಕಾದ ಜಾಗಕ್ಕೆ ಈಗ ಕೆಲಸ ಇಲ್ಲ. ಸುಮ್ನೆ ಕೂರೋಕೂ ಬರಲ್ಲ. ತಾನೇ ಕೂಗ್ಕೊಳ್ತಿದೆ."

"ನಮ್ಮತ್ತೆ ಹಾಗೆ," ಎಂದಳು ಹೆಂಡತಿ. "ಯಾರೂ ಮಾತಾಡಿಸದಿದ್ರೆ ಗೋಡೆ ಜೊತೆಗೇ ಮಾತು."

"ಅದನ್ನ ತೆಗೆದುಬಿಡಿ ಸಾರ್," ಎಂದ ಇವನು.

"ತೆಗೆಯೋಕೆ ಮೊಳೆ ಅಲ್ಲವಲ್ಲ. ಮನೆಯಲ್ಲಿ ನಿಶ್ಶಬ್ದ ಮಾಡ್ಕೊಂಡು ಕೂರ್ಬೇಡಿ. ಹದವಾದ ಸದ್ದು ಯಾವುದಾದ್ರೂ ಹತ್ತಿರದಲ್ಲಿರಲಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ದಾರಿಯುದ್ದಕ್ಕೂ ಹೆಂಡತಿ ಚುಚ್ಚಿದಳು. ಅವನ ಮುಖ ಹುಳ್ಳಗಾಗಿತ್ತು. ತನ್ನ ತಲೆಯೊಳಗಿನ ಗಲಾಟೆಗೆ ಇನ್ನೊಬ್ಬರ ಮನೆ ಬಿಡಿಸಿದೆನಲ್ಲ ಎಂದು ನಾಚಿಕೆಯಾಯಿತು.

ಮನೆ ತಲುಪಿದ್ದೇ ಮೇಲಿನ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು. ಹಳೇ ಹೊದಿಕೆಯಲ್ಲಿ ಸುತ್ತಿ ಹಗ್ಗ ಬಿಗಿದಿದ್ದ ಮಿಷನ್ನಿನ ಪಕ್ಕ ಟೈಲರಮ್ಮ ಕೂತಿದ್ದಳು.

"ಅಮ್ಮಾ, ಸದ್ದು ನಿಮ್ಮದಲ್ಲ. ನನ್ನ ತಲೇದು. ಮಾಲೀಕರಿಗೂ ಹೇಳ್ತೀನಿ."

"ಈಗ ಹೇಳ್ತೀರಾ ಅಣ್ಣಾ? ನಾಳೆ ಬೆಳಿಗ್ಗೆ ಗಾಡಿ ಬರುತ್ತೆ."

ಅವನು ಅಲ್ಲೇ ನಿಂತ. ಸಿಟ್ಟೋ ಕುತೂಹಲವೋ, ಅವಳು ಹಗ್ಗ ಬಿಚ್ಚಿ, ಹೊದಿಕೆ ಸರಿಸಿ, ಒಂದು ತುಂಡು ಬಟ್ಟೆ ಸೂಜಿಯಡಿ ಇಟ್ಟು ಮಿಷನ್ ಓಡಿಸಿದಳು. ಗಡಗಡ ಸದ್ದು ಕೋಣೆ ತುಂಬಿತು. ಸೀಟಿ ಅದರಡಿ ಎಲ್ಲೋ ಮುಳುಗಿತು. ಅವನು ಹೊಸ್ತಿಲ ಮೇಲೆಯೇ ಕೂತ.

"ಇದೇನಾ ಅದು?" ಎಂದು ಕೇಳಿದಳು.

"ಅಲ್ಲ. ನಿಲ್ಲಿಸ್ಬೇಡಿ."

ತುಂಡು ಬಟ್ಟೆ ಮುಗಿಯಿತು. ಅವಳು ಮಿಷನ್ನಿಗೆ ಸುತ್ತಿದ್ದ ಹೊದಿಕೆಯನ್ನೇ ನೆಲದಿಂದ ಎತ್ತಿಕೊಂಡು, ಅದರ ಹರಿದ ಅಂಚನ್ನು ಸೂಜಿಯಡಿಗೆ ತಳ್ಳಿದಳು.