ಚೆಂಗ್ಡು ಸಂತೆಗೆ ಕಂಡ ಖಾಲಿ ಬೀದಿ

ಮಧುಶ್ರೀಗೆ ಜನ ಬೇಕು. ಮಾತಾಡದಿದ್ದರೂ ಪರವಾಗಿಲ್ಲ, ಕಣ್ಣಿಗಾದರೂ ಬೇಕು. ಮೈಸೂರಿನ ಮಾರ್ಕೆಟ್ ಪಕ್ಕ ಬೆಳೆದ ಜೀವ ಅದು. ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ಬಾಡಿಗೆ ಮನೆ ಕಿಟಕಿಯಲ್ಲಿ ಮೂರು ವರ್ಷ ಕೂತು ನೋಡಿದ್ದೇನು? ಒಂದು ಸೈಕಲ್ ಸ್ಟ್ಯಾಂಡು, ಒಂದು ಬೋಳು ಮರ. "ವರ್ಕ್ ಪರ್ಮಿಟ್ ಮುಂದುವರಿಸೋದು ಬೇಡ ರೀ, ಊರಿಗೆ ಹೋಗೋಣ, ನಂಗೆ ಹುಚ್ಚು ಹಿಡಿಯತ್ತೆ" ಅಂತ ಗಂಡ ಯೋಗೀಶನಿಗೆ ಹೇಳಿಬಿಟ್ಟಿದ್ದಳು. ಇರೋದೋ ಹೋಗೋದೋ ಅಂತ ಸೋಮವಾರ ಅವನು ಆಫೀಸಿಗೆ ಉತ್ತರ ಕೊಡಬೇಕಿತ್ತು.

ಆಫೀಸ್ ಕೆಲಸಕ್ಕೆ ಚೀನಾದ ಚೆಂಗ್ಡುಗೆ ಹೋಗಿದ್ದ ಅವನು ಶನಿವಾರ ಸಂಜೆ ಅಲ್ಲಿನ ಗಲ್ಲಿ ಸುತ್ತುತ್ತಾ ವಿಡಿಯೋ ಕಾಲ್ ಮಾಡಿದ. ಇವಳಿಗಿನ್ನೂ ಬೆಳಗಿನ ಕಾಫಿ ಹೊತ್ತು. ಅಬ್ಬಬ್ಬಾ, ಏನು ಜನ! ಬಿದಿರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವನೊಬ್ಬನ ಕಿವಿಗೆ ಇನ್ನೊಬ್ಬ ಉದ್ದನೆ ಕಡ್ಡಿ ಹಾಕಿ ಗುಗ್ಗೆ ತೆಗೀತಿದ್ದ. ಮೀನೊಂದು ತೊಟ್ಟಿಯಿಂದ ಹಾರಿ ಅಜ್ಜಿಯ ಚೀಲಕ್ಕೇ ಬಿತ್ತು. ಅಜ್ಜಿ ವಾಪಸ್ ಕೊಡಲಿಲ್ಲ.

"ನೆಲ ಯಾಕ್ರೀ ತೋರಿಸ್ತೀರಾ? ಅಜ್ಜಿ ತೋರ್ಸಿ!"

"ಕಂಡೋರ ಮುಖಕ್ಕೆ ಫೋನ್ ಹಿಡಿಯೋಕಾಗತ್ತೇನೇ?"

"ಸ್ವೀಡನ್ನಿನವರಿಗಿಂತ ಒಂದು ಕೈ ಮೇಲಾದ್ರಿ ನೀವು!"

ಅಂದವಳೇನು ಕಡಿಮೆಯೇ? ಬಾಗಿಲ ಕಿಂಡಿಯಲ್ಲಿ ಇಣುಕಿ, ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೇ ಹೊರಗೆ ಕಾಲಿಡೋದು. ಇಲ್ಲಿ ಅದೇ ಮರ್ಯಾದೆ ಅಂತ ಯಾರೋ ಹೇಳಿಕೊಟ್ಟಿದ್ದರು. ಅದೇ ಮಹಡಿಯಲ್ಲಿ ಎದುರು ಬಾಗಿಲಿನ ಯೋರಾನ್ ಅಜ್ಜನ ಮುಖ ಸರಿಯಾಗಿ ಕಂಡಿದ್ದೇ ಇಲ್ಲ.

ಗಂಡ ಹೆಂಡಿರ ಜಗಳ ಕೇಳಿ ಬದನೆಕಾಯಿ ಮಾರೋ ಹೆಂಗಸೊಬ್ಬಳು ಯೋಗೀಶನ ಕೈಯಿಂದ ಫೋನ್ ಕಿತ್ತುಕೊಂಡಳು. ಮಧುಶ್ರೀಯ ಬೆನ್ನ ಹಿಂದಿನ ಕಿಟಕಿ ಕಡೆ ಬೆರಳು ಮಾಡಿದಳು. ಇವಳು ಫೋನ್ ತಿರುಗಿಸಿ ಬೀದಿ ತೋರಿಸಿದಳು. ಸೈಕಲ್ ಸ್ಟ್ಯಾಂಡು, ಬೋಳು ಮರ. ಹೆಂಗಸು ಅಂಗೈ ಮೇಲೆ ಮಾಡಿ, ಜನ ಎಲ್ಲಿ ಅಂತ ಸನ್ನೆಯಲ್ಲೇ ಕೇಳಿದಳು. ಮೀನಿನವನು ಬಂದ, ಅಜ್ಜಿ ಬಂದಳು, ಕಿವಿಯಲ್ಲಿ ಕಡ್ಡಿ ಇದ್ದವನೂ ಹಾಗೇ ಎದ್ದು ಬಂದ. ಇಡೀ ಗಲ್ಲಿ ಉಸಿರು ಬಿಗಿಹಿಡಿದು ಖಾಲಿ ಬೀದಿ ನೋಡುತ್ತಾ ನಿಂತಿತು.

ಕೊನೆಗೂ ಯೋರಾನ್ ಅಜ್ಜ ನಾಯಿ ಹಿಡಿದು ಕೆಳಗೆ ಬೀದಿಗೆ ಬಂದ. ಚೆಂಗ್ಡುನಲ್ಲಿ ಹೋ ಅಂತ ಕೇಕೆ! ಬದನೆಕಾಯಿಯವಳು ಕರಿ, ಕರಿ ಅಂತ ಕೈ ಬೀಸಿದಳು. ಮಧುಶ್ರೀ ಆದದ್ದಾಗಲಿ ಅಂತ ಕಿಟಕಿ ತೆಗೆದು ಕೂಗಿಯೇಬಿಟ್ಟಳು. ಅಜ್ಜ ಬೆಚ್ಚಿ ಮೇಲೆ ನೋಡಿದ. ಅವಳು ಕಿಟಕಿಯಿಂದ ಹೊರಗೆ ಚಾಚಿದ ಫೋನಿನಲ್ಲಿ ಕುಣಿಯುತ್ತಿದ್ದ ಸಂತೆ ಕಂಡು ಬಾಯಿ ತೆರೆದು ನಿಂತ. ಆಮೇಲೆ ನಾಯಿಯನ್ನೇ ಎತ್ತಿ ಎಲ್ಲರಿಗೂ ತೋರಿಸಿದ.

"ಮೇಲೆ ಬನ್ನಿ, ಕಾಫಿ ಇದೆ" ಅಂದಳು.

ಬಂದ. ಬಾಗಿಲಲ್ಲೇ ನಿಂತು ಹೇಳಿದ: "ನಿಮಗೆ ಮನುಷ್ಯರನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ನೀವು ಇಳಿದು ಹೋಗೋವರೆಗೂ ಬಾಗಿಲ ಹಿಂದೇ ಕಾಯ್ತೀನಿ. ಪಾಪ, ಇದಕ್ಕೆ ದಿನಾ ಅರ್ಜೆಂಟು."

ನಾಯಿ ಅವಳನ್ನೇ ದುರುಗುಟ್ಟಿ ನೋಡಿತು. ಮಧುಶ್ರೀಗೆ ನಗು, ನಾಚಿಕೆ, ಅಳು ಎಲ್ಲಾ ಒಟ್ಟಿಗೇ ಬಂತು.

ಫೋನಿನಲ್ಲಿ ಯೋಗೀಶ ಅರಚುತ್ತಿದ್ದ: "ಮಧು, ಆಫೀಸಿಗೆ ಏನ್ ಹೇಳ್ಲೇ?"

"ಆಮೇಲೆ ಫೋನ್ ಮಾಡ್ರೀ," ಅಂದಳು, "ಮನೆಗೆ ಜನ ಬಂದಿದ್ದಾರೆ."