ನೀವೊಬ್ಬರೇ ತಾನೆ?

ಆ ಎಕ್ಸ್‌ಪ್ರೆಸ್ಸಿಗೆ ನೂರು ವರ್ಷ ದಾಟಿತ್ತು. ದಾರಿಯುದ್ದಕ್ಕೂ ಜನ ಅದನ್ನು ‘ಅಜ್ಜ’ ಎಂದೇ ಕರೆಯುತ್ತಿದ್ದರು. ಮೂರು ಹಗಲು, ಎರಡು ರಾತ್ರಿ ಓಡುವ ಅಜ್ಜ ಸಣ್ಣಪುಟ್ಟ ಸ್ಟೇಷನ್ನುಗಳನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಈ ಸಲ ಅದರಲ್ಲಿ ಒಬ್ಬಳೇ ಹೊರಟಿದ್ದ ಹೊಲಿಗೆ ಟೀಚರಳ ಅಕ್ಕ ಇದ್ದದ್ದು ಅಂಥದೊಂದು ಸ್ಟೇಷನ್ನಿನ ಬೆನ್ನಿಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವನೊಡನೆ ಆಡಿದ ಒಂದೇ ಮಾತಿಗೆ ತಂಗಿಯ ಪಾಲಿಗೆ ಅಕ್ಕನ ಮನೆಯ ಬಾಗಿಲು ಮುಚ್ಚಿ ಎಂಟು ವರ್ಷವಾಗಿತ್ತು. ಮನೆಯ ಫೋನು ಭಾವನ ಜೇಬಿನಲ್ಲಿ. ತಂಗಿ ಈ ರೈಲಿನಲ್ಲಿ ಹೋಗುತ್ತಾಳೆಂದು ಯಾರಿಂದಲೋ ತಿಳಿದು, ಅಕ್ಕ ಮೊನ್ನೆ ಸ್ಟೇಷನ್ ಎದುರಿನ ಅಂಗಡಿಯಿಂದ ಗುಟ್ಟಾಗಿ ಫೋನು ಮಾಡಿದ್ದಳು.

“ಎಡಗಡೆ ಕಿಟಕಿ ಹಿಡಿಯೇ. ಪ್ಲಾಟ್‌ಫಾರ್ಮಿಗೆ ಬಂದು ನಿಂತಿರ್ತೀನಿ. ಯಾವ ಬೋಗಿ?”

“ಇಂಜಿನ್ನಿಂದ ನಾಲ್ಕನೇದು.”

“ಕಣ್ಣಿಗೆ ಪೊರೆ ಬಂದಿದೆ, ಮುಖ ಕಾಣ್ಸುತ್ತೋ ಇಲ್ವೋ. ಕೈ ಆಚೆ ಹಾಕಿ ಬೀಸು.”

ಮೂರನೆಯ ದಿನ ಬೆಳಗ್ಗೆ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದಳು. “ಆಂಟಿ, ನೀವೊಬ್ಬರೇ ತಾನೆ? ನಮ್ಮನೆಯವರು ಇಲ್ಲಿ, ನಾನು ಒಂಬತ್ತನೇ ಬೋಗೀಲಿ. ಸ್ವಲ್ಪ ಬದಲಾಯಿಸ್ಕೋತೀರಾ?”

ಒಂಟಿ ಜೀವದ ಬೆನ್ನಿಗೆ ಈ ಪ್ರಶ್ನೆ ಅಂಟಿಕೊಂಡೇ ಬರುತ್ತಿತ್ತು. ಹೋಟೆಲಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಎಲ್ಲೇ ಹೋದರೂ ಅವಳು ಎದ್ದು ಜಾಗ ಬಿಟ್ಟವಳೇ.

“ಅದೂ ಕಿಟಕಿಯೇನಾ? ಎಡಗಡೆ?” ಎಂದು ಎರಡು ಸಲ ಕೇಳಿ, ಚೀಲ ಎತ್ತಿಕೊಂಡಳು.

ಒಂಬತ್ತನೆಯ ಬೋಗಿಯಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಳು. ಚಕ್ರಗಳ ಸದ್ದು ಅಕ್ಕ ಪದ್ಯ ಓದುವಂತೆ ಒಂದೇ ಲಯದಲ್ಲಿ ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕ ಓದುವಳು, ತಂಗಿ ಹೂಂಗುಟ್ಟುವಳು. ಪದ್ಯಕ್ಕೊಂದು ಹೂಂ. ಬಾರದಿದ್ದರೆ ಓದು ನಿಲ್ಲಿಸಿ, “ನಿದ್ದೆ ಹೋದ್ಯೇನೇ?” ಎಂದು ಚಿವುಟುವಳು.

ಅಕ್ಕನ ಸ್ಟೇಷನ್ನಿಗೆ ಇನ್ನು ಹತ್ತು ನಿಮಿಷವಿದ್ದಾಗ ಇಸ್ಪೀಟು ಗುಂಪಿನವನೊಬ್ಬ ಬಾಗಿ ನಿಂತ. “ಮೇಡಂ, ನೀವೊಬ್ಬರೇ ತಾನೆ? ಆ ಕಡೆ ಕೂತ್ರೆ ನಮ್ಮದೊಂದು ಆಟ ಆಗುತ್ತೆ.”

“ಒಬ್ಬಳಲ್ಲ,” ಎಂದಳು. ತನ್ನ ದನಿ ತನಗೇ ಹೊಸದಾಗಿತ್ತು. “ನಾವಿಬ್ಬರು.”

“ಇನ್ನೊಬ್ಬರೆಲ್ಲಿ, ಸೀಟಿನ ಕೆಳಗಾ?” ಗುಂಪು ನಕ್ಕಿತು.

“ಮುಂದಿನ ಸ್ಟೇಷನ್ನಲ್ಲಿ.”

“ಅಲ್ಲಿ ಅಜ್ಜ ನಿಲ್ಲಲ್ವಲ್ಲ!”

“ಗೊತ್ತಪ್ಪ.”

ಅವನು ಪೆಚ್ಚಾಗಿ ಸರಿದ. ಅವಳು ಕಂಬಿಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದಳು. ಪ್ಲಾಟ್‌ಫಾರ್ಮು ಬಂತು. ನೀರಿನ ನಲ್ಲಿ, ಬೆಂಚು, ಆಮೇಲೆ ಅಕ್ಕ.

ಅಕ್ಕ ಇತ್ತ ತಿರುಗಿರಲಿಲ್ಲ. ದಾಟಿಹೋದ ಬೋಗಿಗಳತ್ತ ಮುಖ ಮಾಡಿ, ಸೆರಗು ಜಾರಿದ್ದೂ ತಿಳಿಯದೆ, ಎರಡೂ ಕೈ ಬೀಸುತ್ತಿದ್ದಳು. ನೆರೆತ ತುರುಬು, ಬಾಗಿದ ಬೆನ್ನು, ಒಡೆದ ಹಿಮ್ಮಡಿ. “ಅಕ್ಕಾ!” ಎಂದು ಕೂಗಿದ್ದು ಚಕ್ರದ ಸದ್ದಿಗೆ ಸಿಕ್ಕಿಹೋಯಿತು. ಎಡಗಡೆ ಕಿಟಕಿಯಾದರೆ ಸಾಕು, ಬೋಗಿ ಯಾವುದಾದರೇನು ಎಂದುಕೊಂಡಿದ್ದಳು ತಂಗಿ; ಅಕ್ಕ ಬೋಗಿ ಎಣಿಸುತ್ತಾಳೆಂಬುದನ್ನೇ ಮರೆತಿದ್ದಳು.

ಸ್ವಲ್ಪ ಹೊತ್ತಿಗೆ ಅಂಗಡಿಯ ಫೋನು ಬಂತು.

“ನೋಡಿದೆ ಕಣೇ! ಸರಿಯಾಗಿ ನಾಲ್ಕನೇ ಬೋಗಿ. ಮುಖ ಮಬ್ಬುಮಬ್ಬು, ಆದ್ರೆ ಕೈ ಕಾಣ್ತು. ಎಷ್ಟು ಚೆನ್ನಾಗಿ ಬೀಸ್ದೆ!” ಅಕ್ಕ ಏದುಸಿರು ಬಿಡುತ್ತಿದ್ದಳು. “ಆದ್ರೆ ಅದೇನೇ, ಕೈ ಅಷ್ಟು ಸಣ್ಣಗಾಗಿದೆ, ಮಗು ಕೈ ಥರ! ಒಬ್ಬಳೇ ಅಂತ ಅಡಿಗೆ ಮಾಡ್ಕೊಳ್ಳೋದೇ ಬಿಟ್ಯೇನೇ?”

ತಂಗಿಯ ಕೈ ಇನ್ನೂ ಕಂಬಿಯ ಆಚೆಗೇ ಇತ್ತು. ಮೆಲ್ಲಗೆ ಒಳಗೆಳೆದು ಮಡಿಲಲ್ಲಿಟ್ಟುಕೊಂಡಳು.

“ನಿದ್ದೆ ಹೋದ್ಯೇನೇ? ನಾನು ಕಂಡ್ನಾ ನಿಂಗೆ?”

“ಹೂಂ,” ಎಂದಳು ತಂಗಿ.